ಮಕ್ಕಿ ಗದ್ದೆಯಲ್ಲೊಂದು ಚುಕ್ಕೆ, ಬೈಲಿನಲ್ಲೊಂದು ಚುಕ್ಕೆ: ಎರಡೂ ಬೆಂಕಿ ರೋಗವಾ?

ಗದ್ದೆಯಂಚು, ತೀರ್ಥಹಳ್ಳಿ (ಆಗಸ್ಟ್ 27)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸಣ್ಣ ಹಿಡುವಳಿ. ಮೇಲ್ಗಡೆ ಮಕ್ಕಿ ಗದ್ದೆ, ಕೆಳಗೆ ಬೈಲು ಗದ್ದೆ. ಅಪ್ಪನಿಗೆ ಈಗ ಗದ್ದೆಗೆ ಇಳಿಯಲು ಆಗುವುದಿಲ್ಲ. ಹಾಗಾಗಿ ಎರಡನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ.

ಈ ಸಲ ಮಘೆ ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಬೆಳಿಗ್ಗೆ ಹತ್ತು ಗಂಟೆಯಾದರೂ ಎಲೆ ಒದ್ದೆಯೇ ಇರುತ್ತದೆ. ಮಕ್ಕಿಯಲ್ಲಿ ನೀರು ನಿಲ್ಲುತ್ತಿಲ್ಲ, ಅಲ್ಲಲ್ಲಿ ನೆಲ ಬಿರುಕು ಬಿಟ್ಟಿದೆ. ಅಲ್ಲಿನ ಭತ್ತದ ಎಲೆ ಮೇಲೆ ಚುಕ್ಕೆ ಬಂದಿದೆ. ಎರಡೂ ತುದಿ ಚೂಪು, ನಡುವೆ ಅಗಲ. ಮಧ್ಯ ಬೂದಿ ಬಣ್ಣ, ಸುತ್ತ ಕಂದು ಅಂಚು. ಕೆಲವು ಕಡೆ ಚುಕ್ಕೆ ಒಂದಕ್ಕೊಂದು ಕೂಡಿಕೊಂಡು ಇಡೀ ಎಲೆ ಒಣಗಿದೆ.

ಬೈಲಿನಲ್ಲೂ ಚುಕ್ಕೆ ಇದೆ. ಆದರೆ ಅಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ. ಕೆಳಗಿನ ಹಳೆ ಎಲೆಗಳಲ್ಲೇ ಜಾಸ್ತಿ, ತುದಿಯಿಂದ ಶುರುವಾಗುತ್ತದೆ. ಸಸಿ ಬೆಳೆಯುತ್ತಲೇ ಇಲ್ಲ, ತೆಂಡೆ (ಬುಡದಿಂದ ಬರುವ ಮರಿ ಸಸಿ) ಒಡೆದಿಲ್ಲ. ನೀರಿನ ಮೇಲೆ ಕೆಂಪು ಕೆನೆ ಕಟ್ಟಿದೆ.

ಎರಡೂ ಎಲೆ ತಗೊಂಡು ಹೋಗಿ ಗೊಬ್ಬರದ ಅಂಗಡಿಯಲ್ಲಿ ತೋರಿಸಿದೆ. ಎರಡಕ್ಕೂ ಒಂದೇ ಪುಡಿ ಕೊಟ್ಟರು. ಜೊತೆಗೆ ‘ಸಸಿ ಹಳದಿ ಆಗಿದೆ, ಎಕರೆಗೆ ಒಂದು ಚೀಲ ಯೂರಿಯಾ ಎರಚಿ’ ಅಂದರು. ಇನ್ನೂ ಏನೂ ಹಾಕಿಲ್ಲ. ಎರಡೂ ಒಂದೇ ರೋಗವಾ? ಒಂದೇ ಔಷಧಿ ಸಾಕಾ? ತಿಳಿದವರು ದಯವಿಟ್ಟು ಹೇಳಿ.

ಶರಾವತಿ ಹಿನ್ನೀರು, ಹೊಸನಗರ (ಆಗಸ್ಟ್ 27)

ತಂಗಿ, ಮೊದಲು ಯೂರಿಯಾ ಚೀಲ ಬಿಚ್ಚಬೇಡ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಮಕ್ಕಿಯದ್ದು ನೀನು ಹೇಳಿದ ಲಕ್ಷಣ ನೋಡಿದರೆ ಬೆಂಕಿ ರೋಗವೇ. ಬೆಂಕಿ ಹತ್ತಿದ ಗದ್ದೆಗೆ ಯೂರಿಯಾ ಹಾಕಿದರೆ ವಾರದಲ್ಲಿ ಇಡೀ ಗದ್ದೆ ಕೆಂಪಾಗುತ್ತದೆ. ನಮ್ಮ ಕಡೆ ಕಡುಹಸಿರಾಗಿ ಸೊಕ್ಕಿ ನಿಂತ ಗದ್ದೆಗೇ ಮೊದಲು ಬೆಂಕಿ ಬೀಳುವುದು. ಹಿಂದಿನವರು ಇದನ್ನು ನೋಡಿಯೇ ಗೊಬ್ಬರ ಹದವಾಗಿ ಹಾಕುತ್ತಿದ್ದರು.

ಬೈಲಿನದ್ದು ಬೇರೆ ಥರ ಕಾಣುತ್ತದೆ. ಒಂದು ಬುಡ ಕಿತ್ತು ಬೇರು ತೊಳೆದು ನೋಡು. ಬೇರಿಗೆ ಕೆಂಪು ಲೇಪ ಹಿಡಿದಿದೆಯಾ?

ಗದ್ದೆಯಂಚು, ತೀರ್ಥಹಳ್ಳಿ (ಆಗಸ್ಟ್ 27)

ಈಗಷ್ಟೇ ಕಿತ್ತು ನೋಡಿದೆ ಅಣ್ಣ. ಬೇರೆಲ್ಲ ಕೆಂಪು ಕಂದು. ತೊಳೆದರೂ ಹೋಗುತ್ತಿಲ್ಲ. ಬಿಳಿ ಬೇರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಸಸ್ಯರೋಗ ವಿದ್ಯಾರ್ಥಿ, ನವಿಲೆ (ಆಗಸ್ಟ್ 28)

ಅಕ್ಕಾ, ಬೇರು ನೋಡಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಎರಡು ಗದ್ದೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಕೇಡು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಕ್ಕಿಯಲ್ಲಿರುವುದು ಬೆಂಕಿ ರೋಗ. ಪೈರಿಕ್ಯುಲೇರಿಯಾ ಒರೈಝೆ ಅನ್ನುವ ಶಿಲೀಂಧ್ರದಿಂದ ಬರುತ್ತದೆ. ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ, ಅಂಚು ಕಂದು, ಇದೇ ಅದರ ಗುರುತು. ಇದರ ಬೀಜಕಣ ರಾತ್ರಿ ಹೊತ್ತು ಚುಕ್ಕೆಯಿಂದ ಬಿಡುಗಡೆಯಾಗಿ ಗಾಳಿಯಲ್ಲಿ ಹಾರಿ ಬೇರೆ ಎಲೆ ಮೇಲೆ ಕೂರುತ್ತದೆ. ಎಲೆ ಎಂಟು ಹತ್ತು ಗಂಟೆ ಒದ್ದೆಯಾಗಿದ್ದರೆ ಮೊಳೆಯುತ್ತದೆ. ರಾತ್ರಿ ಇಪ್ಪತ್ತು ಡಿಗ್ರಿ ಆಸುಪಾಸು ತಂಪು, ಹಗಲು ಮೋಡ, ಬೆಳಿಗ್ಗೆ ಇಬ್ಬನಿ. ನಮ್ಮ ಮಲೆನಾಡಿನ ಆಗಸ್ಟ್, ಸೆಪ್ಟೆಂಬರ್ ಅಂದರೆ ಇದೇ ಅಲ್ವಾ? ಹೊಸ ಚುಕ್ಕೆ ಬಂದು ಅದರಿಂದ ಮತ್ತೆ ಬೀಜಕಣ ಹಾರಲು ಒಂದು ವಾರ ಸಾಕು. ಒಂದೊಂದು ಚುಕ್ಕೆ ಸಾವಿರಾರು ಬೀಜಕಣ ಬಿಡುತ್ತದೆ.

ಮೊಳೆತ ಬೀಜಕಣ ಎಲೆಯೊಳಗೆ ನುಗ್ಗುವ ರೀತಿ ಗೊತ್ತಾದರೆ ಔಷಧಿ ಯಾವಾಗ ಹೊಡೆಯಬೇಕು ಅನ್ನುವುದೂ ಗೊತ್ತಾಗುತ್ತದೆ. ಎಲೆ ಮೇಲೆ ಅದು ಒಂದು ಸಣ್ಣ ಗುಮ್ಮಟ ಕಟ್ಟಿಕೊಳ್ಳುತ್ತದೆ. ಆ ಗುಮ್ಮಟದ ಗೋಡೆಗೆ ಮೆಲನಿನ್ ಅನ್ನುವ ಕಪ್ಪು ಬಣ್ಣದ ಲೇಪ. ಒಳಗೆ ನೀರು ಎಳೆದುಕೊಂಡು ಒತ್ತಡ ಏರಿಸುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಮೂವತ್ತೈದು, ನಲವತ್ತು ಪಟ್ಟು ಜಾಸ್ತಿ! ಆ ಒತ್ತಡದಲ್ಲಿ ಎಲೆಯ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಟ್ರೈಸೈಕ್ಲಜೋಲ್ ಔಷಧಿ ಈ ಮೆಲನಿನ್ ಆಗದಂತೆ ತಡೆಯುತ್ತದೆ. ಲೇಪ ಇಲ್ಲದ ಗುಮ್ಮಟಕ್ಕೆ ಒತ್ತಡ ಹಿಡಿದಿಡಲು ಆಗುವುದಿಲ್ಲ, ಒಳಗೆ ನುಗ್ಗಲೂ ಆಗುವುದಿಲ್ಲ. ಅಂದರೆ ಈ ಔಷಧಿ ಹೊರಗಿರುವ ರೋಗವನ್ನು ತಡೆಯುತ್ತದೆ. ಆಗಲೇ ಒಳಗೆ ಹೋಗಿರುವುದನ್ನು ವಾಸಿ ಮಾಡುವುದಿಲ್ಲ. ಒಣಗಿದ ಎಲೆ ಮತ್ತೆ ಹಸಿರಾಗುವುದಿಲ್ಲ. ‘ಹೊಡೆದೆ, ಚುಕ್ಕೆ ಹೋಗಲಿಲ್ಲ, ಔಷಧಿ ನಕಲಿ’ ಅನ್ನುವವರು ಬಹಳ ಜನ. ಹೊಸ ಎಲೆ ಸ್ವಚ್ಛವಾಗಿ ಬರುತ್ತಿದೆಯಾ ಅಂತ ನೋಡಬೇಕು, ಹಳೆ ಎಲೆಯನ್ನಲ್ಲ.

ಬೈಲಿನದ್ದು ರೋಗವೇ ಅಲ್ಲ. ಕಬ್ಬಿಣದ ಅಂಶ ಜಾಸ್ತಿಯಾಗಿ ಆಗುವ ತೊಂದರೆ. ನಮ್ಮ ಕೆಂಪು ಗುಡ್ಡಗಳಿಂದ ಇಳಿದು ಬರುವ ನೀರು ಬೈಲಿನಲ್ಲಿ ನಿಂತು, ಮಣ್ಣಿಗೆ ಗಾಳಿ ಸಿಗದೆ, ಕಬ್ಬಿಣ ಕರಗಿ ಬೇರಿಗೆ ಬರುತ್ತದೆ. ಕೆಂಪು ಬೇರು, ಕೆಂಪು ಕೆನೆ, ಹಳೆ ಎಲೆಯ ತುದಿಯಿಂದ ಶುರುವಾಗುವ ಸಣ್ಣ ಚುಕ್ಕೆ, ಕುಂಠಿತ ಸಸಿ, ಎಲ್ಲವೂ ಅದಕ್ಕೆ ಹೊಂದುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ನೀರಿಗೆ ಹಾಕಿದ ಹಾಗೆಯೇ. ಬೈಲಿನ ನೀರು ಬಸಿದು ಬಿಡಿ. ಕೆಲವು ದಿನ ಮಣ್ಣಿಗೆ ಗಾಳಿಯಾಡಲಿ, ಆಮೇಲೆ ಹೊಸ ನೀರು ಕೊಡಿ. ಪೊಟ್ಯಾಷ್ ಕಡಿಮೆ ಇದ್ದರೆ ಈ ತೊಂದರೆ ಹೆಚ್ಚು. ಕೊಯ್ಲಾದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಎಷ್ಟು ಬೇಕು ಕೇಳಿ.

ಮಕ್ಕಿಗೆ ಇದರ ಉಲ್ಟಾ. ಬೆಂಕಿ ರೋಗಕ್ಕೆ ಒಣ ನೆಲವೆಂದರೆ ಇಷ್ಟ. ನೀರು ನಿಂತಿರುವ ಗದ್ದೆಯಲ್ಲಿ ಅದು ಅಷ್ಟು ಜೋರಾಗುವುದಿಲ್ಲ. ಸಾಧ್ಯವಾದರೆ ಮಕ್ಕಿಯ ಅಂಚಿನ ತೂತೆಲ್ಲ ಮುಚ್ಚಿ, ಎರಡು ಇಂಚಾದರೂ ನೀರು ನಿಲ್ಲಿಸಿ.

ಸಾಗರದ ಅಂಗಡಿ (ಆಗಸ್ಟ್ 28)

ನಾನೂ ಗೊಬ್ಬರ, ಔಷಧಿ ಅಂಗಡಿ ನಡೆಸುವವನು. ಎಲೆ ಮಾತ್ರ ನೋಡಿ ಔಷಧಿ ಕೊಡುವುದು ನಮ್ಮಲ್ಲೂ ನಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ರೈತರೂ ಬೇರು ಸಮೇತ ಬುಡ ಕಿತ್ತು ತಂದರೆ ನಮಗೂ ಸುಲಭ. ಎಲೆ ಒಂದನ್ನೇ ಕಿಸೆಯಲ್ಲಿಟ್ಟು ಸಂಜೆ ತರುತ್ತಾರೆ. ಅಷ್ಟರಲ್ಲಿ ಮುದುಡಿ ಹೋಗಿರುತ್ತದೆ.

ಪ್ರಮಾಣದ ಬಗ್ಗೆ ಹೇಳುತ್ತೇನೆ. ಟ್ರೈಸೈಕ್ಲಜೋಲ್ 75 ಪುಡಿಯಾದರೆ ಲೀಟರ್ ನೀರಿಗೆ 0.6 ಗ್ರಾಂ. 16 ಲೀಟರ್ ಬೆನ್ನಿನ ಕ್ಯಾನಿಗೆ ಸುಮಾರು 10 ಗ್ರಾಂ. ಎಕರೆಗೆ 200 ಲೀಟರ್ ನೀರು ಬೇಕು. ಅಂದರೆ 120 ಗ್ರಾಂ ಪುಡಿ, ಹನ್ನೆರಡು ಹದಿಮೂರು ಕ್ಯಾನ್. ‘ಐದೇ ಕ್ಯಾನಿನಲ್ಲಿ ಎಕರೆ ಮುಗಿಸಿದೆ’ ಅನ್ನುವವರ ಗದ್ದೆಯಲ್ಲಿ ರೋಗ ನಿಲ್ಲದಿದ್ದರೆ ಆಶ್ಚರ್ಯವಿಲ್ಲ. ಮಳೆಗಾಲವಾದ್ದರಿಂದ ಔಷಧಿ ಎಲೆಗೆ ಹಿಡಿಯುವ ಅಂಟು ಸೇರಿಸಿ. ನಾಲ್ಕೈದು ಗಂಟೆ ಮಳೆ ಬರದ ಹೊತ್ತು ನೋಡಿ ಹೊಡೆಯಿರಿ.

ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ ಹೊಡೆಯುವ ಪದ್ಧತಿಯೂ ಇದೆ. ಐಸೊಪ್ರೊಥಿಯೊಲೇನ್ ಆದರೆ ಲೀಟರಿಗೆ 1.5 ಮಿ.ಲೀ. ಯಾವುದನ್ನೇ ಆಗಲಿ ಪ್ರತಿ ಸಲ ಅದನ್ನೇ ಹೊಡೆಯಬೇಡಿ. ಬೇರೆ ರೀತಿ ಕೆಲಸ ಮಾಡುವ ಗುಂಪಿನ ಔಷಧಿಗೆ ಬದಲಾಯಿಸಿ. ಮೂಗು ಬಾಯಿಗೆ ಬಟ್ಟೆ, ಕೈಗೆ ಗ್ಲೌಸ್ ಇಲ್ಲದೆ ಗದ್ದೆಗೆ ಇಳಿಯಬೇಡಿ. ಗಾಳಿಗೆ ಎದುರಾಗಿ ಹೊಡೆಯಲೇಬೇಡಿ.

ಅಡಿಕೆ ಮತ್ತು ಭತ್ತ, ಕೊಪ್ಪ (ಆಗಸ್ಟ್ 28)

ಒಂದು ಪ್ರಶ್ನೆ. ಅಡಿಕೆ ತೋಟಕ್ಕೆ ಕೊಳೆರೋಗಕ್ಕೆ ಅಂತ ಬೋರ್ಡೋ (ತಾಮ್ರದ ಮೈಲುತುತ್ತ, ಸುಣ್ಣದ ದ್ರಾವಣ) ಮಾಡುತ್ತೇವೆ. ಉಳಿದ ದ್ರಾವಣವನ್ನೇ ಪಕ್ಕದ ಗದ್ದೆಗೆ ಹೊಡೆದರೆ ಆಗುವುದಿಲ್ಲವಾ? ಅದೂ ಶಿಲೀಂಧ್ರಕ್ಕೇ ಅಲ್ವಾ?

ಸಸ್ಯರೋಗ ವಿದ್ಯಾರ್ಥಿ, ನವಿಲೆ (ಆಗಸ್ಟ್ 28)

ಬೇಡ ಅಣ್ಣ. ಭತ್ತದ ಎಲೆಗೆ ತಾಮ್ರ ಒಗ್ಗುವುದಿಲ್ಲ. ಎಲೆ ಸುಡುವ ಸಂಭವ ಜಾಸ್ತಿ. ಹಿಂದೆ ಜಪಾನಿನಲ್ಲಿ ಭತ್ತದ ಬೆಂಕಿ ರೋಗಕ್ಕೆ ತಾಮ್ರದ ಔಷಧಿ ಹೊಡೆಯುತ್ತಿದ್ದರು. ಬೆಳೆಗೇ ಪೆಟ್ಟು ಬೀಳುತ್ತಿದ್ದರಿಂದ ಅದನ್ನು ಬಿಟ್ಟರು. ಇನ್ನೊಂದು ವಿಷಯ. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿದ್ದೇ ಅಲ್ಲ. ಅದರ ಔಷಧಿಯ ಲೆಕ್ಕವನ್ನು ಇಲ್ಲಿಗೆ ತರಬಾರದು. ಮಾಡಿದ ಬೋರ್ಡೋವನ್ನು ಅವತ್ತೇ ತೋಟಕ್ಕೇ ಮುಗಿಸಿ.

ಸೊರಬ ಸಾವಯವ (ಆಗಸ್ಟ್ 29)

ಎಲ್ಲರೂ ಔಷಧಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಅದಕ್ಕಿಂತ ಮೊದಲು ಮಾಡುವ ಕೆಲಸ ಬೇಕಾದಷ್ಟಿದೆ.

ಭತ್ತ ಸಿಲಿಕಾ ತಿನ್ನುವ ಬೆಳೆ. ಮಣ್ಣಿನಿಂದ ಎಳೆದುಕೊಂಡ ಸಿಲಿಕಾ ಎಲೆಯ ಚರ್ಮದಲ್ಲಿ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಗಟ್ಟಿ ಎಲೆಯೊಳಗೆ ರೋಗ ಸುಲಭವಾಗಿ ನುಗ್ಗುವುದಿಲ್ಲ. ನಾವು ಪ್ರತಿ ವರ್ಷ ಹುಲ್ಲು, ಉಮಿ ಎರಡನ್ನೂ ಗದ್ದೆಯಿಂದ ಹೊರಗೆ ಸಾಗಿಸುತ್ತೇವೆ. ಗದ್ದೆಗೆ ವಾಪಸ್ಸು ಏನು ಹೋಗುತ್ತದೆ? ಯೂರಿಯಾ ಮಾತ್ರ. ಉಮಿ ಸುಟ್ಟರೆ ಸುಮಾರು ಐದನೇ ಒಂದು ಪಾಲು ಬೂದಿ ಸಿಗುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ನಾನು ಅಗೆ ಮಡಿಗೆ, ಅಂದರೆ ಸಸಿ ಬೆಳೆಸುವ ಪಾತಿಗೆ, ಉಮಿ ಬೂದಿ ಹಾಕಿಯೇ ಬಿತ್ತುವುದು. ರೈಸ್ ಮಿಲ್ಲುಗಳ ಹಿಂದೆ ರಾಶಿ ಬಿದ್ದಿರುತ್ತದೆ.

ಬೀಜಕ್ಕೆ ಸೂಡೊಮೊನಾಸ್ ಪುಡಿ ಕೆಜಿಗೆ 10 ಗ್ರಾಂ ಲೇಪಿಸುತ್ತೇನೆ. ಅಂಚಿನ ಹುಲ್ಲು ಸವರುತ್ತೇನೆ. ಸಗಣಿ ಗೊಬ್ಬರ, ಸೊಪ್ಪಿನ ಗೊಬ್ಬರ ಕೊಟ್ಟ ಗದ್ದೆಗೆ ಸಾರಜನಕ ನಿಧಾನಕ್ಕೆ ಸಿಗುತ್ತದೆ, ಬೆಳೆ ಸೊಕ್ಕುವುದಿಲ್ಲ. ನಮ್ಮ ಗದ್ದೆಯಲ್ಲಿ ಚುಕ್ಕೆ ಬರುವುದೇ ಇಲ್ಲ ಅಂತಲ್ಲ. ಬರುತ್ತದೆ, ಆದರೆ ಗದ್ದೆ ಹಾಳು ಮಾಡುವಷ್ಟು ಹರಡುವುದಿಲ್ಲ.

ಸಾಗರದ ಅಂಗಡಿ (ಆಗಸ್ಟ್ 29)

ಒಪ್ಪುತ್ತೇನೆ. ಆದರೆ ತೀರ್ಥಹಳ್ಳಿ ಅಕ್ಕನ ಗದ್ದೆಯಲ್ಲಿ ಚುಕ್ಕೆ ಆಗಲೇ ಕೂಡಿಕೊಂಡಿದೆ. ಈಗ ಉಮಿ ಬೂದಿ ಎರಚಿ ಕಾಯುತ್ತಾ ಕೂತರೆ ಹೊಡೆ (ಕಾಂಡದೊಳಗೆ ಕದಿರು ತುಂಬುವ ಹಂತ) ಬರುವ ಹೊತ್ತಿಗೆ ಬೀಜಕಣ ಗದ್ದೆ ತುಂಬಾ ಇರುತ್ತದೆ. ಈ ವರ್ಷ ಔಷಧಿ, ಮುಂದಿನ ವರ್ಷಕ್ಕೆ ನಿಮ್ಮ ದಾರಿ. ಹಾಗೆ ಮಾಡಬಹುದಲ್ಲವಾ?

ಸೊರಬ ಸಾವಯವ (ಆಗಸ್ಟ್ 29)

ಆ ಮಟ್ಟಕ್ಕೆ ಬಂದ ಮೇಲೆ ನಾನೂ ಬೇಡ ಅನ್ನುವುದಿಲ್ಲ. ಬೆಳೆ ಕಳೆದುಕೊಳ್ಳಿ ಅಂತ ಹೇಳುವ ಹಕ್ಕು ನನಗಿಲ್ಲ.

ಸಸ್ಯರೋಗ ವಿದ್ಯಾರ್ಥಿ, ನವಿಲೆ (ಆಗಸ್ಟ್ 29)

ಸಿಲಿಕಾದ ಮಾತು ನೂರಕ್ಕೆ ನೂರು ಸರಿ. ಒಂದು ಸಣ್ಣ ಎಚ್ಚರ ಮಾತ್ರ. ಬೀಜಕ್ಕೆ ಟ್ರೈಕೋಡರ್ಮಾ ಹಾಕುವವರು ಅದರ ಜೊತೆ ಕಾರ್ಬೆಂಡಜಿಮ್ ಬೆರೆಸಬೇಡಿ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಸತ್ತು ಹೋಗುತ್ತದೆ. ಸೂಡೊಮೊನಾಸ್ ಬ್ಯಾಕ್ಟೀರಿಯಾ. ಅದನ್ನು ತಾಮ್ರದ ಔಷಧಿ, ಆ್ಯಂಟಿಬಯಾಟಿಕ್ ಜೊತೆ ಸೇರಿಸಬಾರದು.

ಚುಕ್ಕೆ ನೋಡಿ ಅನುಮಾನ ಬಂದರೆ ಮನೆಯಲ್ಲೇ ಮಾಡುವ ಪರೀಕ್ಷೆ ಇದೆ. ಚುಕ್ಕೆ ಇರುವ ಎಲೆಯ ತುಂಡನ್ನು ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಮೇಲೆ ರಾತ್ರಿಯಿಡೀ ಇಡಿ. ಬೆಂಕಿ ರೋಗವಾದರೆ ಬೆಳಿಗ್ಗೆ ಚುಕ್ಕೆಯ ನಡುವೆ ಬೂದಿ ಬಣ್ಣದ ನವಿರಾದ ಬೂಷ್ಟು ಎದ್ದಿರುತ್ತದೆ. ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಎಲೆಯ ಅಂಚಿನಿಂದ ಹಳದಿ ಪಟ್ಟೆ ಅಲೆ ಅಲೆಯಾಗಿ ಇಳಿದು ಬಂದರೆ ಅದು ದುಂಡಾಣು ಅಂಗಮಾರಿ. ಆ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಹಿಡಿದರೆ ಕತ್ತರಿಸಿದ ಬಾಯಿಂದ ಹಾಲಿನಂಥ ದ್ರವ ಇಳಿಯುತ್ತದೆ. ಅದಕ್ಕೆ ಬೆಂಕಿ ರೋಗದ ಔಷಧಿ ಕೆಲಸ ಮಾಡುವುದಿಲ್ಲ. ಎಳ್ಳಿನ ಕಾಳಿನ ಗಾತ್ರದ, ಎಲ್ಲ ಕಡೆ ಒಂದೇ ಥರ ಹರಡಿದ, ಸುತ್ತ ಹಳದಿ ಬಳೆ ಇರುವ ಚುಕ್ಕೆಯಾದರೆ ಕಂದು ಚುಕ್ಕೆ ರೋಗ. ಅದು ಸತ್ವ ಕಳೆದುಕೊಂಡ ಮಣ್ಣಿನಲ್ಲಿ ಬರುತ್ತದೆ. ಕಂದು ಚುಕ್ಕೆಯನ್ನು ಹಗುರವಾಗಿ ನೋಡಬೇಡಿ. 1942ರಲ್ಲಿ ಬಂಗಾಳದ ಭತ್ತಕ್ಕೆ ಅದು ಬಡಿದಿತ್ತು, ಮರುವರ್ಷದ ಕ್ಷಾಮದ ಕಾರಣಗಳಲ್ಲಿ ಅದನ್ನೂ ಎಣಿಸುತ್ತಾರೆ.

ಧಾರವಾಡದಿಂದ ಬಂದವಳು, ಶಿಕಾರಿಪುರ (ಆಗಸ್ಟ್ 30)

ನನ್ನ ತವರು ಧಾರವಾಡದ ಕಡೆ. ಅಲ್ಲಿ ಅಣ್ಣ ಹಿಂಗಾರಿಗೆ ಗೋಧಿ ಹಾಕುತ್ತಾನ. ಗೋಧಿಗೂ ಬೆಂಕಿ ರೋಗ ಬರತದ ಅಂತ ಯಾರೋ ಮೊಬೈಲಿನಾಗ ಕಳಿಸಿದ್ದರು. ಭತ್ತದ ರೋಗ ಹಾರಿ ಗೋಧಿಗೆ ಹತ್ತತದೇನ್ರಿ? ಅಣ್ಣಗ ಭಾಳ ಚಿಂತಿ ಆಗ್ಯದ.

ಸಸ್ಯರೋಗ ವಿದ್ಯಾರ್ಥಿ, ನವಿಲೆ (ಆಗಸ್ಟ್ 30)

ಅಕ್ಕಾ, ಅಣ್ಣನಿಗೆ ಧೈರ್ಯ ಹೇಳಿ. ಗೋಧಿಗೆ ಬೆಂಕಿ ರೋಗ ಬರುವುದು ನಿಜ. 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಂಡಿತು. 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದು ಸುಮಾರು 15 ಸಾವಿರ ಹೆಕ್ಟೇರ್ ಗೋಧಿಗೆ ಹೊಡೆತ ಕೊಟ್ಟಿತು. ಗಡಿಯ ಈಚೆ ಪಶ್ಚಿಮ ಬಂಗಾಳದಲ್ಲಿ ಕೆಲವು ಜಿಲ್ಲೆಗಳಲ್ಲಿ ಗೋಧಿ ಬಿತ್ತನೆಯನ್ನೇ ನಿಲ್ಲಿಸಿದರು. ಶಿಲೀಂಧ್ರದ ಜಾತಿ ಒಂದೇ ಆದರೂ ಭತ್ತದ ಮೇಲಿನ ವಂಶ ಬೇರೆ, ಗೋಧಿಯ ಮೇಲಿನ ವಂಶ ಬೇರೆ. ರಾಗಿಯ ಬೆಂಕಿ ರೋಗದ್ದು ಇನ್ನೊಂದು. ನಮ್ಮ ಮಲೆನಾಡಿನ ಗದ್ದೆಯ ರೋಗ ಧಾರವಾಡದ ಗೋಧಿಗೆ ಹೋಗುವುದಿಲ್ಲ. ಗೋಧಿಯಲ್ಲಿ ಅದು ಎಲೆಗಿಂತ ತೆನೆಗೇ ಮುಖ್ಯವಾಗಿ ಬರುತ್ತದೆ.

ಅಣ್ಣ ಎಲೆಯಲ್ಲಿ ನೋಡಬೇಕಾದ್ದು ಭಂಡಾರ ರೋಗ, ಅಂದರೆ ತುಕ್ಕು. ಎಲೆ ಮೇಲೆ ಕಿತ್ತಳೆ ಕಂದು ಬಣ್ಣದ ಸಣ್ಣ ಗುಳ್ಳೆ. ಬೆರಳಲ್ಲಿ ಒರೆಸಿದರೆ ಪುಡಿ ಕೈಗೆ ಅಂಟುತ್ತದೆ. ಬೆಂಕಿ ರೋಗದ ಚುಕ್ಕೆ ಒರೆಸಿದರೆ ಹಾಗೆ ಪುಡಿ ಬರುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ತುಕ್ಕು ರೋಗ ವರ್ಷವಿಡೀ ಬದುಕಿರುತ್ತದೆ. ಅಲ್ಲಿಂದ ಗಾಳಿ ಮಳೆಯ ಜೊತೆ ಉತ್ತರಕ್ಕೆ ಬೀಜಕಣ ಹೋಗುತ್ತದೆ. ಶುರುವಿನಲ್ಲೇ ಕಂಡರೆ ಪ್ರೊಪಿಕೊನಜೋಲ್ ಲೀಟರಿಗೆ 1 ಮಿ.ಲೀ. ಹೊಡೆದರೆ ಹತೋಟಿಗೆ ಬರುತ್ತದೆ. ತುಕ್ಕು ತಡೆಯುವ ತಳಿ ಹಾಕುವುದು ಅದಕ್ಕಿಂತ ಒಳ್ಳೆಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಗೋಧಿಯ ಮೇಲೆಯೇ ಕೆಲಸ ಮಾಡುವವರು ಇದ್ದಾರೆ. ಬಿತ್ತುವ ಮೊದಲು ಅಲ್ಲಿ ಕೇಳಲಿ.

ಗದ್ದೆಯಂಚು, ತೀರ್ಥಹಳ್ಳಿ (ಸೆಪ್ಟೆಂಬರ್ 12)

ಎಲ್ಲರಿಗೂ ಥ್ಯಾಂಕ್ಸ್. ಮಕ್ಕಿಯ ಅಂಚು ಗಟ್ಟಿ ಮಾಡಿ ಮೇಲಿನ ತೋಡಿನಿಂದ ನೀರು ತಿರುಗಿಸಿದೆವು. ಟ್ರೈಸೈಕ್ಲಜೋಲ್ ಒಂದು ಸಲ, ಎಕರೆಗೆ ಹೇಳಿದಷ್ಟೇ ನೀರಿನಲ್ಲಿ ಹೊಡೆಸಿದೆ. ಹೊಸ ಎಲೆ ಸ್ವಚ್ಛವಾಗಿ ಬರುತ್ತಿದೆ. ಬೈಲಿಗೆ ಔಷಧಿ ಹೊಡೆಯಲೇ ಇಲ್ಲ. ನೀರು ಬಸಿದು ಬಿಟ್ಟ ಮೇಲೆ ಕೆಂಪು ಕೆನೆ ಹೋಗಿದೆ, ಬಿಳಿ ಬೇರು ಕಾಣುತ್ತಿದೆ. ಬೇರು ಸಮೇತ ಬುಡ ಕೃಷಿ ವಿಜ್ಞಾನ ಕೇಂದ್ರಕ್ಕೂ ತೋರಿಸಿದೆ. ನೀವು ಹೇಳಿದ್ದನ್ನೇ ಹೇಳಿದರು.

ಅಪ್ಪನ ಪ್ರಶ್ನೆ ಒಂದಿದೆ. ‘ಎಲೆಯದ್ದು ನಿಂತಿತಲ್ಲ, ಇನ್ನು ಕದಿರಿಗೆ ಬರಲ್ಲ ತಾನೇ?’

ಶರಾವತಿ ಹಿನ್ನೀರು, ಹೊಸನಗರ (ಸೆಪ್ಟೆಂಬರ್ 12)

ಬರಬಹುದು ತಂಗಿ. ನಿಜವಾದ ಹೆದರಿಕೆ ಇರುವುದೇ ಅಲ್ಲಿ. ಎಲೆಯ ಬೆಂಕಿಯಲ್ಲಿ ಬೆಳೆ ಚೇತರಿಸಿಕೊಳ್ಳುತ್ತದೆ. ಕುತ್ತಿಗೆ ಬೆಂಕಿಯಲ್ಲಿ ಚೇತರಿಕೆ ಇಲ್ಲ. ಕದಿರಿನ ಬುಡದ ಕುತ್ತಿಗೆ ಕಪ್ಪಾದರೆ ಮೇಲೆ ಹಾಲೇರುವುದಿಲ್ಲ, ಎಲ್ಲ ಜಳ್ಳು. ಅಪ್ಪನಿಗೆ ಹೇಳು, ಭೂಮಿ ಹುಣ್ಣಿಮೆಗೆ ಗದ್ದೆಗೆ ಪೂಜೆ ಮಾಡಲು ಹೋಗುವ ಹೊತ್ತಿಗೆ ಇದು ಕಂಡರೆ ಆಗಲೇ ತಡ.

ಸಸ್ಯರೋಗ ವಿದ್ಯಾರ್ಥಿ, ನವಿಲೆ (ಸೆಪ್ಟೆಂಬರ್ 13)

ಅಣ್ಣ ಹೇಳಿದ್ದು ಸರಿಯಾಗಿದೆ. ಕುತ್ತಿಗೆಗೆ ಕಾವಲು ಹಾಕುವ ಹೊತ್ತು ಎರಡು. ಹೊಡೆ ತುಂಬಿ ಅಲ್ಲೊಂದು ಇಲ್ಲೊಂದು ಕದಿರು ಇಣುಕುವಾಗ ಒಂದು ಸಲ. ಹವೆ ಮೋಡ, ಇಬ್ಬನಿ ಇದ್ದರೆ ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಮೊದಲು ಟ್ರೈಸೈಕ್ಲಜೋಲ್ ಹೊಡೆದಿರುವುದರಿಂದ ಈಗ ಬೇರೆ ಗುಂಪಿನದ್ದು ತಗೊಳ್ಳಿ. ಟ್ರೈಫ್ಲಾಕ್ಸಿಸ್ಟ್ರೋಬಿನ್ ಮತ್ತು ಟೆಬುಕೊನಜೋಲ್ ಸೇರಿದ ಕಾಳು ಲೀಟರಿಗೆ 0.4 ಗ್ರಾಂ ಆಗುತ್ತದೆ. ಭತ್ತ ಹೂ ಬಿಡುವುದು ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ. ಆ ಹೊತ್ತಿನಲ್ಲಿ ಹೊಡೆಯಬೇಡಿ, ಸಂಜೆ ಹೊಡೆಯಿರಿ. ಕೊಯ್ಲಿಗೆ ಮೊದಲು ಎಷ್ಟು ದಿನ ಬಿಡಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಅದನ್ನು ಮೀರಬೇಡಿ. ಯುರೋಪಿನವರು 2018ರಿಂದ ಅಕ್ಕಿಯಲ್ಲಿ ಟ್ರೈಸೈಕ್ಲಜೋಲ್ ಉಳಿಕೆ ಕೆಜಿಗೆ 0.01 ಮಿಲಿಗ್ರಾಂ ಮೀರಬಾರದು ಅಂತ ಬಿಗಿ ಮಾಡಿದ್ದಾರೆ. ನಮ್ಮ ಅನ್ನವೂ ಅಷ್ಟೇ ಶುದ್ಧವಾಗಿರಬೇಕಲ್ಲವೇ?

ಇನ್ನೊಂದು ಯೂರಿಯಾ ಕಂತು ಬಾಕಿ ಇದ್ದರೆ ಮಕ್ಕಿಗೆ ಬೇಡ. ಒಂದು ಚೀಲ ಅಂದರೆ 45 ಕೆಜಿ. ಅದರಲ್ಲಿ ಇಪ್ಪತ್ತು ಕೆಜಿಗೂ ಮಿಕ್ಕಿ ಸಾರಜನಕ ಇರುತ್ತದೆ. ಅಷ್ಟನ್ನು ಒಂದೇ ಸಲ ಎರಚುವ ಮಾತು ಯಾವ ಗದ್ದೆಗೂ ಸಲ್ಲ.

ಆನವಟ್ಟಿ ಗದ್ದೆ (ಅಕ್ಟೋಬರ್ 9)

ನಮ್ಮಲ್ಲಿ ಹಸ್ತೆ ಮಳೆ ನಿಂತ ಮೇಲೆ ಅಲ್ಲಲ್ಲಿ ಕದಿರು ಪೂರ್ತಿ ಬಿಳಿಯಾಗಿದೆ. ಕಾಳು ಇಲ್ಲ. ಕುತ್ತಿಗೆ ಬೆಂಕಿ ಅಂತ ಔಷಧಿ ತಂದಿಟ್ಟಿದ್ದೇನೆ. ಹೊಡೆಯಲಾ?

ಶರಾವತಿ ಹಿನ್ನೀರು, ಹೊಸನಗರ (ಅಕ್ಟೋಬರ್ 9)

ತಮ್ಮ, ಮೊದಲು ಬಿಳಿ ಕದಿರು ಹಿಡಿದು ಎಳೆದು ನೋಡು. ಸುಲಭವಾಗಿ ಕಿತ್ತು ಬಂತಾ? ಬುಡದಲ್ಲಿ ಹುಳ ಕಡಿದ ಗುರುತು ಇದೆಯಾ?

ಆನವಟ್ಟಿ ಗದ್ದೆ (ಅಕ್ಟೋಬರ್ 9)

ಹೌದು ಅಣ್ಣ, ಎಳೆದ ಕೂಡಲೇ ಬಂತು. ಬುಡ ಕೊರೆದ ಹಾಗಿದೆ. ಕಾಂಡ ಸೀಳಿದರೆ ಒಳಗೆ ಹುಳದ ಹಿಕ್ಕೆ. ಕುತ್ತಿಗೆ ಹಸಿರಾಗಿಯೇ ಇದೆ.

ಶರಾವತಿ ಹಿನ್ನೀರು, ಹೊಸನಗರ (ಅಕ್ಟೋಬರ್ 9)

ಹಾಗಾದರೆ ಕಾಂಡ ಕೊರಕ. ಕುತ್ತಿಗೆ ಬೆಂಕಿಯಾದರೆ ಕದಿರಿನ ಬುಡದಲ್ಲಿ ಕಪ್ಪು ಇಲ್ಲವೇ ಕಂದು ಬಳೆ ಕಾಣುತ್ತದೆ, ಅಲ್ಲಿಯೇ ಮುರಿದು ಜೋತು ಬೀಳುತ್ತದೆ. ತಂದ ಔಷಧಿ ಬಿಚ್ಚಿಲ್ಲವಲ್ಲ, ಅಂಗಡಿಗೆ ವಾಪಸ್ಸು ಕೊಡು. ಬಿಳಿಯಾದ ಕದಿರಿಗೆ ಇನ್ನು ಯಾವ ಔಷಧಿಯೂ ಬೇಡ. ಕೊಯ್ಲಾದ ಮೇಲೆ ಕೂಳೆ ಉತ್ತು ಮಣ್ಣಿಗೆ ಸೇರಿಸು. ಹುಳ ಅದರೊಳಗೇ ಅಡಗಿರುತ್ತದೆ.

ಗದ್ದೆಯಂಚು, ತೀರ್ಥಹಳ್ಳಿ (ನವೆಂಬರ್ 18)

ಮಕ್ಕಿಯಲ್ಲಿ ಕುತ್ತಿಗೆ ಬೆಂಕಿ ಮೂಲೆಯ ಒಂದು ಪಟ್ಟಿಗೆ ಮಾತ್ರ ಬಂತು, ಮರದ ನೆರಳು ಬೀಳುವ ಕಡೆ. ಉಳಿದದ್ದು ಚೆನ್ನಾಗಿದೆ. ಕೊಯ್ಲು ಶುರುವಾಗಿದೆ. ಈಗ ಎರಡು ಪ್ರಶ್ನೆ. ಈ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬಹುದಾ? ರೋಗ ಬಂದ ಪಟ್ಟಿಯ ಹುಲ್ಲನ್ನು ಏನು ಮಾಡಲಿ? ಮತ್ತೆ, ಮಕ್ಕಿಗೆ ಮುಂದಿನ ಸಲ ಸೋನಾ ಮಸೂರಿ ಹಾಕೋಣ, ಅನ್ನ ಚೆನ್ನಾಗಿರುತ್ತದೆ ಅಂತ ಮನೆಯಲ್ಲಿ ಮಾತು ನಡೆದಿದೆ.

ಸಸ್ಯರೋಗ ವಿದ್ಯಾರ್ಥಿ, ನವಿಲೆ (ನವೆಂಬರ್ 18)

ಮಕ್ಕಿಗೆ ಸೋನಾ ಮಸೂರಿ ದಯವಿಟ್ಟು ಬೇಡ. ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಮಾರುವ ಬಿಪಿಟಿ 5204 ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ತಳಿ. ಭದ್ರಾ ಅಚ್ಚುಕಟ್ಟಿನಲ್ಲಿ ಬಿಸಿಲು, ನಾಲೆ ನೀರು ಇರುವಲ್ಲಿ ಅದನ್ನು ಬೆಳೆಯುವುದು ಬೇರೆ ಮಾತು. ನಮ್ಮ ಮೋಡ, ಇಬ್ಬನಿಯಲ್ಲಿ ಬೇರೆ. ಕೊಡಗಿನ ಪೊನ್ನಂಪೇಟೆಯಲ್ಲಿ ತಳಿಗಳನ್ನು ಬೇಕೆಂದೇ ಈ ರೋಗಕ್ಕೆ ಒಡ್ಡಿ ಪರೀಕ್ಷೆ ಮಾಡುತ್ತಾರೆ. ಅಲ್ಲಿನ ಹವೆ ರೋಗಕ್ಕೆ ಅಷ್ಟು ಹೊಂದುತ್ತದೆ. ಗುಡ್ಡಗಾಡಿಗೆ ಅಂತಲೇ ಶಿಫಾರಸು ಮಾಡಿದ ತಳಿ ಯಾವುದಿದೆ ಅಂತ ನವಿಲೆಯ ಕೃಷಿ ಕಾಲೇಜಿನಲ್ಲಿ ಮೇ ತಿಂಗಳಿಗೆ ಮೊದಲೇ ಕೇಳಿ. ಒಂದೇ ತಳಿಯನ್ನು ಎಲ್ಲ ಗದ್ದೆಗೂ ಹಾಕಬೇಡಿ. ರೋಗ ನಿರೋಧಕ ತಳಿಯೂ ಕೆಲವು ವರ್ಷಕ್ಕೆ ಸೋಲುತ್ತದೆ, ಯಾಕೆಂದರೆ ಶಿಲೀಂಧ್ರ ತನ್ನ ರೂಪ ಬದಲಾಯಿಸಿಕೊಳ್ಳುತ್ತದೆ.

ಶರಾವತಿ ಹಿನ್ನೀರು, ಹೊಸನಗರ (ನವೆಂಬರ್ 18)

ನಮ್ಮ ಅಜ್ಜನ ಕಾಲದಲ್ಲಿ ಮಕ್ಕಿಗೊಂದು, ಬೈಲಿಗೊಂದು, ನೆರೆ ಬರುವ ಗದ್ದೆಗೊಂದು ಅಂತ ಬೇರೆ ಬೇರೆ ಭತ್ತ ಇರುತ್ತಿತ್ತು. ಈಗ ಎಲ್ಲ ಗದ್ದೆಗೂ ಅಂಗಡಿಯ ಒಂದೇ ಚೀಲ.

ಸಸ್ಯರೋಗ ವಿದ್ಯಾರ್ಥಿ, ನವಿಲೆ (ನವೆಂಬರ್ 18)

ಅದಕ್ಕೆ ಪುರಾವೆಯೂ ಇದೆ ಅಣ್ಣ. ಚೀನಾದ ಯುನಾನ್‌ನಲ್ಲಿ ರೋಗಕ್ಕೆ ತುತ್ತಾಗುವ ತಳಿಯ ಸಾಲುಗಳ ನಡುವೆ ತಡೆಯುವ ತಳಿಯನ್ನು ಹಾಕಿ ದೊಡ್ಡ ಪ್ರಯೋಗ ಮಾಡಿದರು. 2000ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂಟಿಯಾಗಿ ಬೆಳೆದಾಗಿನ ಬೆಂಕಿ ರೋಗಕ್ಕೆ ಹೋಲಿಸಿದರೆ ಶೇಕಡಾ 94ರಷ್ಟು ಕಡಿಮೆಯಾಗಿತ್ತು. ಬೀಜಕಣ ಹಾರಿ ಕೂತ ಕಡೆಯೆಲ್ಲ ತನಗೆ ಒಗ್ಗುವ ಎಲೆ ಸಿಗಲಿಲ್ಲ, ಅಷ್ಟೇ.

ಅಕ್ಕಾ, ಬೀಜದ ವಿಷಯ. ಮಕ್ಕಿಯ ಭತ್ತ ಬೀಜಕ್ಕೆ ಇಡಬೇಡಿ. ಬೈಲಿನಲ್ಲಿ ಚೆನ್ನಾಗಿ ಬಲಿತ ಜಾಗದ್ದನ್ನು ಬೇರೆಯಾಗಿ ಒಕ್ಕಿ ಇಡಿ. ಬಿತ್ತುವ ಮೊದಲು ಕೋಳಿ ಮೊಟ್ಟೆ ತೇಲುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಬೀಜ ಸುರಿಯಿರಿ. ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ್ದನ್ನು ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಸೊರಬದ ಅಣ್ಣ ಹೇಳಿದ ಸೂಡೊಮೊನಾಸ್, ಇಲ್ಲವೇ ಕೆಜಿ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್.

ಹುಲ್ಲಿನಲ್ಲಿ ಈ ಶಿಲೀಂಧ್ರ ಮುಂದಿನ ಮಳೆಗಾಲದವರೆಗೂ ಬದುಕಿರಬಲ್ಲದು. ಆ ಪಟ್ಟಿಯ ಹುಲ್ಲನ್ನು ಬೇರೆ ಇಡಿ. ಕೊನೆಯ ಸಿಂಪಡಣೆಯಿಂದ ಡಬ್ಬಿಯಲ್ಲಿ ಹೇಳಿದಷ್ಟು ದಿನ ಕಳೆದಿದ್ದರೆ ದನಕ್ಕೆ ಹಾಕಬಹುದು. ಮೇ ತಿಂಗಳೊಳಗೆ ಮುಗಿಸಿಬಿಡಿ. ಉಳಿದರೆ ಗೊಬ್ಬರ ಗುಂಡಿಗೆ ಹಾಕಿ ಚೆನ್ನಾಗಿ ಕೊಳೆಸಿ. ಗದ್ದೆಯ ಅಂಚಿನಲ್ಲಿ ರಾಶಿ ಹಾಕಬೇಡಿ, ಅಗೆ ಮಡಿಯ ಮೇಲೆ ಮುಚ್ಚಲು ಬಳಸಲೇಬೇಡಿ.

ಗದ್ದೆಯಂಚು, ತೀರ್ಥಹಳ್ಳಿ (ನವೆಂಬರ್ 19)

ನಾವು ಅಗೆ ಮಡಿ ಹಾಕುವುದು ಅದೇ ಮೂಲೆಯ ಪಕ್ಕದಲ್ಲಿ, ಮರದ ಬುಡಕ್ಕೆ. ನೀರು ಹತ್ತಿರ ಅಂತ.

ಸೊರಬ ಸಾವಯವ (ನವೆಂಬರ್ 19)

ಹಾಗಾದರೆ ಜಾಗ ಬದಲಾಯಿಸಿ ಅಕ್ಕಾ. ನೆರಳಿನಲ್ಲಿ ಇಬ್ಬನಿ ಬೇಗ ಆರುವುದಿಲ್ಲ. ಬೆಳಗಿನ ಬಿಸಿಲು ನೇರ ಬೀಳುವ ಜಾಗ ನೋಡಿ, ನೀರು ಸ್ವಲ್ಪ ದೂರವಾದರೂ ಪರವಾಗಿಲ್ಲ. ಮಡಿಯನ್ನು ಒಣಗಲು ಬಿಡಬೇಡಿ. ಉಮಿ ಬೂದಿ ಬೇಕಿದ್ದರೆ ಏಪ್ರಿಲ್‌ನಲ್ಲಿ ಒಂದು ಮಾತು ಹೇಳಿ, ಆನವಟ್ಟಿ ಮಿಲ್ಲಿನಿಂದ ನಾನು ತರುವಾಗ ನಿಮಗೂ ನಾಲ್ಕು ಚೀಲ ತುಂಬಿಸುತ್ತೇನೆ.